ಹೋಟೆಲ್ ತರಬೇತಿಗೆ ಮೂರು ಲಕ್ಷ ಕಟ್ಟಬೇಕೆ?

ಪ್ರಶ್ನೆ: ಮಾನ್ಯರೇ, ನಾವು ಚಿತ್ತಾಪುರ ತಾಲ್ಲೂಕಿನ ರೈತರು. ಕನ್ನಡ ಮಾಧ್ಯಮದಲ್ಲಿ ಓದಿದ ಮಗಳು ಈ ವರ್ಷ ಪಿಯುಸಿ ಮುಗಿಸಿದ್ದಾಳೆ. ಹೋಟೆಲ್ ಕ್ಷೇತ್ರದಲ್ಲಿಯೇ ಕೆಲಸ ಮಾಡಬೇಕೆಂಬುದು ಅವಳ ಹಟ. ಬೆಂಗಳೂರಿನ ಖಾಸಗಿ ಸಂಸ್ಥೆಯೊಂದು ಒಂದು ವರ್ಷದ ಡಿಪ್ಲೊಮಾಕ್ಕೆ ಮೂರು ಲಕ್ಷ ರೂಪಾಯಿ ಕೇಳುತ್ತಿದೆ. ‘ನೂರಕ್ಕೆ ನೂರು ಕೆಲಸ’ ಎನ್ನುತ್ತಿದೆ. ನಮ್ಮದು ಸಸ್ಯಾಹಾರಿ ಮನೆತನ, ತೊಗರಿಯೇ ಆದಾಯ. ಏನು ಮಾಡುವುದು?
– ಓದುಗರೊಬ್ಬರು, ಕಲಬುರಗಿ ಜಿಲ್ಲೆ

ಉತ್ತರ: ಮಗಳ ಆಸೆಯನ್ನು ತಳ್ಳಿಹಾಕದೆ ದಾರಿ ಕೇಳಿದ್ದೀರಿ, ಸಂತೋಷ. ಆ ಹಣವನ್ನು ಮಾತ್ರ ಈಗಲೇ ಕಟ್ಟಬೇಡಿ. ಉದ್ಯಮದವರು ಗುರುತಿಸುವ ಪ್ರಮಾಣಪತ್ರ ಪಡೆಯುವ ಬೇರೆ ದಾರಿಗಳಿವೆ.

ಮೊದಲನೆಯದು ಪದವಿ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದಡಿಯ ರಾಷ್ಟ್ರೀಯ ಹೋಟೆಲ್ ಮ್ಯಾನೇಜ್‌ಮೆಂಟ್ ಮಂಡಳಿಗೆ ಸೇರಿದ ಸಂಸ್ಥೆಗಳಲ್ಲಿ ಮೂರು ವರ್ಷದ ಬಿ.ಎಸ್ಸಿ. ಕೋರ್ಸ್ ಇದ್ದು, ಎನ್‌ಸಿಎಚ್‌ಎಂ ಜೆಇಇ ಎಂಬ ಪ್ರವೇಶ ಪರೀಕ್ಷೆ ಬರೆದು ಸೇರಬೇಕು. ಪಿಯುಸಿಯಲ್ಲಿ ಇಂಗ್ಲಿಷ್ ಒಂದು ವಿಷಯವಾಗಿದ್ದರೆ ಸಾಕು. ಕಲಾ ವಿಭಾಗದವರೂ ಬರೆಯಬಹುದು. ನಮ್ಮ ಭಾಗದವರಿಗೆ ಬೆಂಗಳೂರಿನ ಸಂಸ್ಥೆಗಿಂತ ಹೈದರಾಬಾದಿನದೇ ಹತ್ತಿರ. ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371 (ಜೆ) ವಿಧಿಯಡಿ ಇರುವ ಮೀಸಲಾತಿ ಇಲ್ಲಿ ನೆರವಾಗುತ್ತದೆಂದು ನಂಬಿ ಕೂರಬೇಡಿ. ಅದು ರಾಜ್ಯ ಸರ್ಕಾರದ ಹುದ್ದೆ ಮತ್ತು ರಾಜ್ಯದ ಶಿಕ್ಷಣ ಸಂಸ್ಥೆಗಳಿಗೆ ಸಂಬಂಧಿಸಿದ್ದು.

ಬೇಗ ದುಡಿಯಬೇಕಿದ್ದರೆ ಇದೇ ಮಂಡಳಿಯ ಕುಶಲತಾ ಪ್ರಮಾಣಪತ್ರ ಕೋರ್ಸುಗಳಿವೆ. ಅಡುಗೆ ತಯಾರಿಕೆಯದು ಸುಮಾರು ಒಂದೂವರೆ ವರ್ಷದ್ದು, ಹತ್ತನೇ ತರಗತಿ ಪಾಸಾದವರಿಗೂ ತೆರೆದಿದೆ. ಐಟಿಐಗಳ ಪಟ್ಟಿಯಲ್ಲಿಯೂ ಆಹಾರ ತಯಾರಿಕೆ, ಫ್ರಂಟ್ ಆಫೀಸ್, ಹೌಸ್‌ಕೀಪಿಂಗ್ ವೃತ್ತಿಗಳಿವೆ. ಆ ಬಳಿಕ 1961ರ ಅಪ್ರೆಂಟಿಸ್ ಕಾಯ್ದೆಯಡಿ ಹೋಟೆಲೊಂದಕ್ಕೆ ಸೇರಿದರೆ ಕಲಿಯುತ್ತಲೇ ಸ್ಟೈಪೆಂಡ್ ಸಿಗುತ್ತದೆ. ನಿಮ್ಮ ಮನೆಯ ಸ್ಥಿತಿಗೆ ಇದೇ ಹೆಚ್ಚು ಹೊಂದುತ್ತದೆಂಬುದು ನನ್ನ ಅಭಿಪ್ರಾಯ.

ಯಾವ ಸಂಸ್ಥೆಯನ್ನೇ ಆಗಲಿ, ಶುಲ್ಕ ಕಟ್ಟುವ ಮೊದಲು ಮಗಳೊಂದಿಗೆ ಖುದ್ದಾಗಿ ಹೋಗಿ ನೋಡಿ. ಸ್ವಾಗತ ಕೊಠಡಿಯ ಅಂದಕ್ಕೆ ಮರುಳಾಗದೆ ತರಬೇತಿ ಅಡುಗೆಮನೆ ತೋರಿಸಲು ಕೇಳಿ. ಒಂದು ಒಲೆಗೆ ಎಷ್ಟು ವಿದ್ಯಾರ್ಥಿಗಳು, ಪ್ರತಿಯೊಬ್ಬರೂ ಸ್ವತಃ ಅಡುಗೆ ಮಾಡುತ್ತಾರೋ ಅಥವಾ ಶಿಕ್ಷಕರು ಮಾಡುವುದನ್ನು ನಿಂತು ನೋಡುತ್ತಾರೋ ಎಂಬುದನ್ನು ಅಲ್ಲಿನ ವಿದ್ಯಾರ್ಥಿಗಳಿಂದಲೇ ತಿಳಿಯಿರಿ. ಹಸಿ ಮಾಂಸಕ್ಕೆ ಕೆಂಪು, ತರಕಾರಿಗೆ ಹಸಿರು ಎಂದು ಬೇರೆ ಬೇರೆ ಬಣ್ಣದ ಕತ್ತರಿಸುವ ಮಣೆಗಳು ಬಳಕೆಯಲ್ಲಿವೆಯೇ, ಬೇಯಿಸಿದ ಆಹಾರವನ್ನು 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಅಪಾಯದ ತಾಪಮಾನದಲ್ಲಿ ಹೊತ್ತುಗಟ್ಟಲೆ ಬಿಡಬಾರದೆಂಬುದನ್ನು ಕಲಿಸುತ್ತಾರೆಯೇ ಎಂದು ಗಮನಿಸಿದರೆ ತರಬೇತಿಯ ಮಟ್ಟ ತಾನಾಗಿ ತಿಳಿಯುತ್ತದೆ. ಪ್ರಮಾಣಪತ್ರ ಕೊಡುವ ಮಂಡಳಿ ಯಾವುದು, ಕಳೆದ ವರ್ಷದವರು ಯಾವ ಹೋಟೆಲಿನಲ್ಲಿ, ಯಾವ ಹುದ್ದೆಯಲ್ಲಿದ್ದಾರೆ ಎಂಬುದನ್ನು ಬರಹದಲ್ಲಿ ಕೇಳಿ. ಕೊಡಲು ಹಿಂಜರಿದರೆ ಎದ್ದು ಬನ್ನಿ.

ಸಸ್ಯಾಹಾರದ ಕುರಿತು ನಿಮ್ಮ ಅಳುಕು ಸಹಜವಾದದ್ದು. ಅಡುಗೆ ವಿಭಾಗದ ಸಾಮಾನ್ಯ ತರಬೇತಿಯಲ್ಲಿ ಮಾಂಸ, ಮೀನು, ಮೊಟ್ಟೆಗಳನ್ನು ಮುಟ್ಟಲೇಬೇಕಾಗುತ್ತದೆ. ಆದರೆ ಹೋಟೆಲೆಂದರೆ ಅಡುಗೆಮನೆಯೊಂದೇ ಅಲ್ಲ. ಅತಿಥಿಗಳನ್ನು ಬರಮಾಡಿಕೊಳ್ಳುವ ಫ್ರಂಟ್ ಆಫೀಸ್, ಕೋಣೆಗಳನ್ನು ನೋಡಿಕೊಳ್ಳುವ ಹೌಸ್‌ಕೀಪಿಂಗ್ ವೃತ್ತಿಗಳಲ್ಲಿ ಈ ತೊಡಕಿಲ್ಲ. ಫ್ರಂಟ್ ಆಫೀಸಿನಲ್ಲಿ ನಮ್ಮ ಭಾಗದ ಮಕ್ಕಳಿಗೆ ಒಂದು ಬಲವೂ ಇದೆ. ಕನ್ನಡದ ಜೊತೆಗೆ ದಖನಿ, ತೆಲುಗು, ಮರಾಠಿಗಳನ್ನು ಕೇಳುತ್ತಲೇ ಬೆಳೆದವರು ಎದುರಿಗೆ ಬಂದವರ ಭಾಷೆಗೆ ಹೊರಳಲು ತಡವರಿಸುವುದಿಲ್ಲ. ಕೊರತೆಯಿರುವುದು ಮಾತನಾಡುವ ಇಂಗ್ಲಿಷಿನಲ್ಲಿ. ದಿನಕ್ಕೊಂದು ಗಂಟೆ ಜೋರಾಗಿ ಓದಿ, ಮಾತನಾಡಿ ರೂಢಿ ಮಾಡಿಕೊಳ್ಳಲು ಇಂದಿನಿಂದಲೇ ಹೇಳಿ.

ಇನ್ನೊಂದು ಮಾತನ್ನು ಮಗಳಿಗೂ ಓದಿ ಹೇಳಿ. ಈ ವೃತ್ತಿಯಲ್ಲಿ ದಿನವಿಡೀ ನಿಂತಿರಬೇಕು, ಹಬ್ಬದ ದಿನವೇ ಕೆಲಸ ಹೆಚ್ಚು, ರಾತ್ರಿ ಪಾಳಿಯೂ ಬರುತ್ತದೆ, ಆರಂಭದ ಸಂಬಳ ಕಡಿಮೆ. ಆದ್ದರಿಂದ ಅರ್ಜಿ ಹಾಕುವ ಮೊದಲು ಕಲಬುರಗಿಯ ಯಾವುದಾದರೂ ಒಳ್ಳೆಯ ಹೋಟೆಲಿನಲ್ಲಿ ಒಂದು ತಿಂಗಳು ಸಹಾಯಕಿಯಾಗಿ ದುಡಿದು ನೋಡಲಿ. ಪಾಳಿ ಮುಗಿಸಿದ ಹೆಣ್ಣುಮಕ್ಕಳನ್ನು ಮನೆಗೆ ಬಿಡುವ ವ್ಯವಸ್ಥೆ ಅಲ್ಲಿದೆಯೇ ಎಂಬುದನ್ನು ನೀವೇ ಹೋಗಿ ವಿಚಾರಿಸಿ. ಆ ತಿಂಗಳು ಕಳೆದ ಮೇಲೂ ಅವಳ ಮನಸ್ಸು ಅಲ್ಲಿಯೇ ಇದ್ದರೆ ಧೈರ್ಯವಾಗಿ ಅರ್ಜಿ ಹಾಕಿಸಿ.