ಕೆಂಪು ಎಡಕ್ಕೆ, ಹಸಿರು ಬಲಕ್ಕೆ

ಓದುಗರ ಪ್ರಶ್ನೆ, ಕ್ಯಾಪ್ಟನ್ ಉತ್ತರ

ಆಗಸ್ಟ್ 1ಕ್ಕೆ ಮೀನುಗಾರಿಕೆಯ ರಜೆ ಮುಗಿಯಿತು. ಎರಡು ತಿಂಗಳು ದಡದಲ್ಲಿದ್ದ ಬೋಟುಗಳು ನೀರಿಗಿಳಿದವು, ನನಗೆ ಬರುವ ಪತ್ರಗಳೂ ಹೆಚ್ಚಿದವು. ಈ ಸಲ ಮುಕ್ಕಾಲು ಪಾಲು ಪತ್ರಗಳು ದೀಪದ ಬಗ್ಗೆಯೇ ಇವೆ. ಮೊದಲನೆಯದಕ್ಕೆ ಬೇಕೆಂದೇ ಉದ್ದ ಉತ್ತರ ಬರೆದಿದ್ದೇನೆ.

ಪ್ರಶ್ನೆ: ರಜೆಯಲ್ಲಿ ನಮ್ಮ ಟ್ರಾಲ್ ಬೋಟಿಗೆ ಬಣ್ಣ ಹೊಡೆಸಿ, ಸುತ್ತಲೂ ಹೊಸ ಎಲ್‌ಇಡಿ ಹಾಕಿಸಿದ್ದೇವೆ. ಬಹಳ ದೂರಕ್ಕೆ ಕಾಣುತ್ತದೆ. ಹೋದ ವರ್ಷ ಬಲೆ ಎಳೆಯುತ್ತಿದ್ದಾಗ ಒಂದು ದೊಡ್ಡ ಹಡಗು ತೀರಾ ಹತ್ತಿರ ಹಾದುಹೋಯಿತು. ಇಷ್ಟು ಬೆಳಕಿದ್ದರೂ ಹಡಗಿನವರಿಗೆ ನಾವು ಕಾಣುವುದಿಲ್ಲವೇ? — ಬೋಟ್ ಮಾಲೀಕರು, ಮಲ್ಪೆ

ಕಾಣುತ್ತೀರಿ. ಆದರೆ ಅವರಿಗೆ ಕಾಣುವುದು ಬೋಟಲ್ಲ, ಬಿಳಿ ಬೆಳಕಿನ ಒಂದು ಮುದ್ದೆ. ಅದರ ಮೂತಿ ಯಾವ ಕಡೆಗಿದೆ, ನಡೆಯುತ್ತಿದೆಯೋ ನಿಂತಿದೆಯೋ, ಬಲೆ ನೀರಿನಲ್ಲಿದೆಯೋ ಬೋಟಿನ ಮೇಲಿದೆಯೋ, ಒಂದೂ ತಿಳಿಯುವುದಿಲ್ಲ.

ನಾನು ಸೆಕೆಂಡ್ ಆಫೀಸರ್ ಆಗಿದ್ದಾಗ ನನ್ನ ಪಾಳಿ ಮಧ್ಯರಾತ್ರಿ ಹನ್ನೆರಡರಿಂದ ನಾಲ್ಕು. ನಮ್ಮ ಪಶ್ಚಿಮ ಕರಾವಳಿಗೆ ಬಂದಾಗಲೆಲ್ಲ ಎದುರಿಗೆ ಜಾತ್ರೆ ಪೇಟೆಯ ಹಾಗೆ ಬೆಳಕಿನ ಸಾಲು. ದುರ್ಬೀನು ಹಿಡಿದು ಒಂದೊಂದೇ ಬೋಟನ್ನು ನೋಡುತ್ತ ಆ ಬಿಳಿ ಬೆಳಕಿನೊಳಗೆ ಒಂದು ಕೆಂಪು ಚುಕ್ಕಿಯನ್ನೋ ಹಸಿರು ಚುಕ್ಕಿಯನ್ನೋ ಹುಡುಕುವುದೇ ನನ್ನ ಕೆಲಸವಾಗಿತ್ತು. ಆ ಚುಕ್ಕಿ ಸಿಕ್ಕಿದರೆ ಜೀವ ನಿರಾಳ. ಸಿಗದಿದ್ದರೆ ಹಡಗನ್ನು ಎತ್ತ ತಿರುಗಿಸಬೇಕು ಎಂಬುದೇ ತೋಚುತ್ತಿರಲಿಲ್ಲ.

ಹಡಗಾಗಲಿ ಬೋಟಾಗಲಿ, ಎಡಬದಿಗೆ ಕೆಂಪು ದೀಪ, ಬಲಬದಿಗೆ ಹಸಿರು. ಒಂದೊಂದೂ ನೇರ ಮುಂದಿನಿಂದ ಹಿಡಿದು ಪಕ್ಕೆ ದಾಟಿ ಸ್ವಲ್ಪ ಹಿಂದಿನವರೆಗೆ, 112.5 ಡಿಗ್ರಿಯಷ್ಟು ಮಾತ್ರ ಕಾಣಬೇಕು. ಎರಡೂ ಕೂಡಿದರೆ 225. ಮಾಸ್ಟ್ ಎಂಬ ಎತ್ತರದ ಕಂಬದ ಬಿಳಿ ದೀಪವೂ ಮುಂದಕ್ಕೆ ಅಷ್ಟೇ 225 ಡಿಗ್ರಿ. ಉಳಿದ 135 ಡಿಗ್ರಿ ಹಿಂದಿನ ಬಿಳಿ ದೀಪದ ಪಾಲು. ಈ ಲೆಕ್ಕದಿಂದಲೇ ದೂರದಲ್ಲಿರುವವನು ನಿಮ್ಮ ಬೋಟಿನ ಮೈ ಕಾಣದಿದ್ದರೂ ಅದರ ಮೂತಿ ಎತ್ತ ಇದೆ ಎಂದು ಹೇಳಬಲ್ಲ. ಕೆಂಪು ಮಾತ್ರ ಕಂಡರೆ ಅವನು ನೋಡುತ್ತಿರುವುದು ನಿಮ್ಮ ಎಡಬದಿ. ಕೆಂಪು ಹಸಿರು ಎರಡೂ ಕಂಡರೆ ನೀವು ನೇರ ಅವನೆದುರಿಗೇ ಬರುತ್ತಿದ್ದೀರಿ. ಬರೀ ಬಿಳಿ ಕಂಡರೆ ಬಹುಶಃ ನಿಮ್ಮ ಬೆನ್ನು. ಡೆಕ್ಕಿನ ಎಲ್‌ಇಡಿ ಈ ಎಲ್ಲವನ್ನೂ ನುಂಗಿಬಿಡುತ್ತದೆ. 1972ರಲ್ಲಿ ಒಪ್ಪಿ, 1977ರ ಜುಲೈ 15ರಿಂದ ಜಾರಿಗೆ ಬಂದ ಅಂತರರಾಷ್ಟ್ರೀಯ ಡಿಕ್ಕಿ ತಡೆ ನಿಯಮಗಳಲ್ಲಿ ಇದಕ್ಕೆಂದೇ ಒಂದು ಮಾತಿದೆ: ನಿಯಮದ ದೀಪಗಳನ್ನು ಮಸುಕು ಮಾಡುವ, ಅವೇ ಎಂದು ತಪ್ಪು ತಿಳಿಯುವಂತೆ ಮಾಡುವ ಬೇರೆ ದೀಪ ಉರಿಸಬಾರದು. ಹೊರಗೆ ಚೆಲ್ಲುವ ಎಲ್‌ಇಡಿಗೆ ಮರೆ ಕಟ್ಟಿಸಿ, ಬೆಳಕು ಡೆಕ್ಕಿನ ಮೇಲಷ್ಟೇ ಬೀಳಲಿ. ಕೆಲಸ ಮುಗಿದ ಕೂಡಲೇ ಆರಿಸಿ. (ಬೆಳಕು ಬಿಟ್ಟು ಮೀನು ಸೆಳೆಯುವವರಿಗೆ ನಾನು ಇಲ್ಲಿ ಸಲಹೆ ಕೊಡುತ್ತಿಲ್ಲ. ಕೇಂದ್ರ ಸರ್ಕಾರ ಅದನ್ನು 2017ರಲ್ಲೇ ನಿಷೇಧಿಸಿದೆ.)

ಬಲೆ ಎಳೆಯುವಾಗ ಪಕ್ಕದ ಮತ್ತು ಹಿಂದಿನ ದೀಪಗಳ ಜೊತೆಗೆ ಮಾಸ್ಟಿನಲ್ಲಿ ಒಂದರ ಕೆಳಗೊಂದು ಎರಡು ಸುತ್ತುದೀಪ, ಅಂದರೆ ಎಲ್ಲ ದಿಕ್ಕಿಗೂ ಕಾಣುವ ದೀಪ, ಬೇಕು. ಮೇಲೆ ಹಸಿರು, ಕೆಳಗೆ ಬಿಳಿ ಇದ್ದರೆ ಟ್ರಾಲ್, ಅಂದರೆ ಬೋಟಿನ ಹಿಂದೆ ಎಳೆದುಕೊಂಡು ಹೋಗುವ ಬಲೆ. ಮೇಲೆ ಕೆಂಪು, ಕೆಳಗೆ ಬಿಳಿ ಇದ್ದರೆ ಪರ್ಸೀನ್, ಗಿಲ್‌ನೆಟ್ ಮುಂತಾದ ಬೇರೆ ಬಲೆಗಳು. ಎಂಜಿನ್ನಿನಲ್ಲಿ ಸಾಗುವ ಹಡಗು ಬಲೆ ಬಿಟ್ಟ ಬೋಟಿಗೆ ದಾರಿ ಬಿಡಬೇಕೆಂಬುದು ನಿಯಮ. ಈ ಎರಡು ದೀಪ ನೋಡಿಯೇ ನಾವು ದಾರಿ ಬಿಡುವುದು. ಆದರೆ ಬಂದರಿಗೆ ವಾಪಸು ಬರುವಾಗಲೂ, ಬಲೆ ಡೆಕ್ಕಿನ ಮೇಲೆ ಒಣಗುತ್ತಿರುವಾಗಲೂ ಆ ಹಸಿರು ದೀಪ ಉರಿಯುತ್ತಲೇ ಇರುವುದನ್ನು ಎಷ್ಟೋ ಸಲ ನೋಡಿದ್ದೇನೆ. ಆಗ ಆ ದೀಪ ಸುಳ್ಳು ಹೇಳಿದ ಹಾಗೆ. ಹತ್ತು ಬೋಟುಗಳಲ್ಲಿ ಅದು ಸುಳ್ಳೆಂದು ಕಂಡ ಆಫೀಸರ್ ಹನ್ನೊಂದನೆಯದನ್ನೂ ನಂಬುವುದಿಲ್ಲ. ಆ ಹನ್ನೊಂದನೆಯ ಬೋಟಿನಲ್ಲಿ ನಿಜವಾಗಿ ಬಲೆ ಎಳೆಯುತ್ತಿರುವವರು ನೀವಿರಬಹುದು.

ಬಣ್ಣದ ಮಾತು ಎತ್ತಿದ್ದೀರಿ, ಹಾಗಾಗಿ ಇನ್ನೊಂದು ವಿಷಯ. ಒಮ್ಮೆ ದಕ್ಕೆಯಲ್ಲಿ ಹೊಸದಾಗಿ ಬಣ್ಣ ಬಳಿದ ಬೋಟೊಂದರಲ್ಲಿ ಕೆಂಪು ಬಲಕ್ಕೆ, ಹಸಿರು ಎಡಕ್ಕೆ ಇತ್ತು. ದೀಪ ಜೋಡಿಸಿದ ಹುಡುಗ ನೆಲದ ಮೇಲೆ, ಬೋಟಿನ ಮೂತಿಯೆದುರು ನಿಂತು ತನ್ನ ಎಡಗೈ ಬಲಗೈ ನೋಡಿದ್ದ. ವೀಲ್‌ಹೌಸಿನಲ್ಲಿ ಮುಂದಕ್ಕೆ ಮುಖ ಮಾಡಿ ನಿಂತು ಎಡ ಬಲ ನೋಡಬೇಕು. ಹಾಗೆಯೇ ದೀಪದ ಹಿಂದಿನ ಮರೆಹಲಗೆಗೆ ಹೊಳೆಯುವ ಬಿಳಿ ಬಣ್ಣ ಬೇಡ, ಹೊಳಪಿಲ್ಲದ ಕಪ್ಪು ಬಳಿಸಿ. ಬಿಳಿಯಾದರೆ ಬೆಳಕು ಅದಕ್ಕೆ ತಾಗಿ ಇನ್ನೊಂದು ಬದಿಗೂ ಹರಡುತ್ತದೆ. ನಿಮ್ಮ ಬೋಟು ಹೇಗಿದೆ ಎಂದು ಇವತ್ತೇ ಒಮ್ಮೆ ನೋಡಿ.

ಇನ್ನು ನೀವು ಹಡಗನ್ನು ಓದುವ ಬಗೆ. 50 ಮೀಟರ್ ಅಥವಾ ಅದಕ್ಕಿಂತ ಉದ್ದದ ಹಡಗಿಗೆ ಎರಡು ಮಾಸ್ಟ್ ದೀಪ ಇರಲೇಬೇಕು. ಮುಂದಿನದು ತಗ್ಗಿನಲ್ಲಿ, ಹಿಂದಿನದು ಎತ್ತರದಲ್ಲಿ. ಇವು 6 ನಾಟಿಕಲ್ ಮೈಲಿಗೆ ಕಾಣಬೇಕು, ಪಕ್ಕದ ಬಣ್ಣದ ದೀಪಗಳು 3 ಮೈಲಿಗೆ. ಅಂದರೆ ಕೆಂಪು ಹಸಿರಿಗಿಂತ ಎಷ್ಟೋ ಮೊದಲು ಈ ಎರಡು ಬಿಳಿ ಬೋಟು ನಡೆಸುವ ನಿಮ್ಮ ತಾಂಡೇಲನಿಗೆ ಕಾಣುತ್ತವೆ. ತಗ್ಗಿನ ದೀಪ ಎತ್ತರದ ದೀಪದ ಬಲಕ್ಕಿದ್ದರೆ ಹಡಗು ನಿಮ್ಮೆದುರು ಬಲಕ್ಕೆ ದಾಟುತ್ತಿದೆ, ಎಡಕ್ಕಿದ್ದರೆ ಎಡಕ್ಕೆ. ಎರಡೂ ಒಂದರ ಮೇಲೊಂದು ನೇರ ನಿಂತವೆಂದರೆ ಹಡಗಿನ ಮೂತಿ ನಿಮ್ಮ ಕಡೆಗೇ ಇದೆ. ಬಲೆ ಕೆಳಗಿದ್ದರೂ ಆಗ ಮಲಗಿದವರನ್ನೆಲ್ಲ ಎಬ್ಬಿಸಿ, ವಿಎಚ್‌ಎಫ್ ರೇಡಿಯೋದ 16ನೇ ಚಾನೆಲ್‌ನಲ್ಲಿ ಹಡಗನ್ನು ಕರೆಯಿರಿ.

2021ರ ಏಪ್ರಿಲ್‌ನಲ್ಲಿ ಕೇರಳದ ಬೇಪೂರಿನಿಂದ ಹೊರಟ ಬೋಟಿಗೆ ಮಂಗಳೂರಿನ ಆಚೆ, ನಡುಗಡಲಿನಲ್ಲಿ, ರಾತ್ರಿ ಹೊತ್ತು ಸರಕು ಹಡಗು ಡಿಕ್ಕಿಯಾಯಿತು. ಬೋಟಿನಲ್ಲಿದ್ದ 14 ಜನರಲ್ಲಿ ಜೀವಂತ ಸಿಕ್ಕಿದವರು ಇಬ್ಬರು. ತಪ್ಪು ಯಾರದೆಂದು ನಾನು ಹೇಳಹೊರಟಿಲ್ಲ. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ. ಅದೇ ನೀರಿನಲ್ಲಿ, ಅದೇ ಹೊತ್ತಿನಲ್ಲಿ ನಾನು ಎಷ್ಟೋ ರಾತ್ರಿ ವಾಚ್ ನಿಂತಿದ್ದೆ.

ಪ್ರಶ್ನೆ: ಮಗ ಕೆಡೆಟ್ ಆಗಿ ಹಡಗು ಹತ್ತಿ ಮೂರು ತಿಂಗಳಾಯಿತು. ರಾತ್ರಿ ಬ್ರಿಡ್ಜ್‌ನಲ್ಲಿ (ಹಡಗು ನಡೆಸುವ ಕೋಣೆಯಲ್ಲಿ) ದೀಪ ಕೂಡ ಹಾಕದೆ ಕತ್ತಲಲ್ಲಿ ನಿಲ್ಲಿಸುತ್ತಾರಂತೆ. ರೇಡಾರ್ ಇರುವಾಗ ಹುಡುಗನನ್ನು ಹಾಗೆ ಯಾಕೆ ನಿಲ್ಲಿಸಬೇಕು? — ಒಬ್ಬ ತಾಯಿ, ಬೆಂಗಳೂರು

ಅಮ್ಮಾ, ಅವನನ್ನು ಸರಿಯಾಗಿಯೇ ಬೆಳೆಸುತ್ತಿದ್ದಾರೆ. ಬೆಳಕಿನಿಂದ ಕತ್ತಲೆಗೆ ಬಂದ ಕಣ್ಣು ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತು ನಿಮಿಷವಾದರೂ ಬೇಕು. ಒಂದು ಕ್ಷಣ ಮೊಬೈಲ್ ತೆರೆದರೂ ಮತ್ತೆ ಮೊದಲಿನಿಂದ ಶುರು. ಅದಕ್ಕೇ ಬ್ರಿಡ್ಜ್ ಕತ್ತಲಾಗಿರುತ್ತದೆ. ರೇಡಾರ್ ಇದೆ ನಿಜ, ಆದರೆ ಮರದ ದೋಣಿ, ಫೈಬರ್ ದೋಣಿ ಅದಕ್ಕೆ ಸರಿಯಾಗಿ ಸಿಕ್ಕುವುದಿಲ್ಲ, ಅಲೆ ಎದ್ದಾಗಲಂತೂ ಇಲ್ಲವೇ ಇಲ್ಲ. ಕಣ್ಣಿನಿಂದ ನೋಡಿ, ಕಿವಿಯಿಂದ ಕೇಳಿ ಕಾವಲಿರಬೇಕೆಂದು ನಿಯಮದಲ್ಲೇ ಬರೆದಿದೆ. 1956ರಲ್ಲಿ ಅಮೆರಿಕದ ನಾಂಟಕೆಟ್ ಬಳಿ ಆಂಡ್ರಿಯಾ ಡೋರಿಯಾ ಮತ್ತು ಸ್ಟಾಕ್‌ಹೋಮ್ ಹಡಗುಗಳು ಡಿಕ್ಕಿಯಾದಾಗ ಎರಡರಲ್ಲೂ ರೇಡಾರ್ ಇತ್ತು, ಎರಡೂ ಒಂದನ್ನೊಂದು ರೇಡಾರಿನಲ್ಲಿ ಕಂಡಿದ್ದವು.

ಮುಂದಿನ ಸಲ ಅವನು ಫೋನ್ ಮಾಡಿದಾಗ ಕೇಳಿ ನೋಡಿ: ಕೆಂಪು, ಬಿಳಿ, ಕೆಂಪು ಒಂದರ ಕೆಳಗೊಂದು ಕಂಡರೆ ಏನು? ಸಮುದ್ರದಡಿ ಕೇಬಲ್ ಹಾಕುವಂಥ ಕೆಲಸದಲ್ಲಿದ್ದು ಸುಲಭವಾಗಿ ಸರಿಯಲಾರದ ಹಡಗು ಅದು. ಬರೀ ಎರಡು ಕೆಂಪಾದರೆ ಹಡಗು ಕೆಟ್ಟು ನಿಂತಿದೆ, ಚುಕ್ಕಾಣಿ ಮಾತು ಕೇಳುತ್ತಿಲ್ಲ. ತಡವರಿಸದೆ ಹೇಳಿದನೆಂದರೆ ನೀವು ನಿಶ್ಚಿಂತೆಯಿಂದ ಮಲಗಬಹುದು.

ಪ್ರಶ್ನೆ: ಬೋಟಿನಲ್ಲಿ ಅವಧಿ ಮುಗಿದ ಕೆಂಪು ಪ್ಯಾರಾಶೂಟ್ ರಾಕೆಟ್‌ಗಳು ನಾಲ್ಕಿವೆ. ದೀಪಾವಳಿಗೆ ಬೀಚಿನಲ್ಲಿ ಹಾರಿಸಬಹುದೇ? ಹುಡುಗರು ಕೇಳುತ್ತಿದ್ದಾರೆ. — ಗಂಗೊಳ್ಳಿ

ಖಂಡಿತ ಬೇಡ. ಅವಧಿ ಮುಗಿದದ್ದು ಕೈಯಲ್ಲೇ ಸಿಡಿಯಬಹುದು, ಅದೊಂದು. ಅದಕ್ಕಿಂತ ದೊಡ್ಡದು, ಅಪಾಯವಿಲ್ಲದೆ ಆ ಸಂಕೇತ ತೋರಿಸುವುದೇ ನಿಷಿದ್ಧ. ಆ ರಾಕೆಟ್ 300 ಮೀಟರಿಗೂ ಮೇಲೆ ಹೋಗಿ, ಕನಿಷ್ಠ 40 ಸೆಕೆಂಡು ಉರಿಯುತ್ತ ಇಳಿಯುತ್ತದೆ. ದೂರದಿಂದ ಅದನ್ನು ಕಂಡ ಹಡಗಿನವನು ಅಲ್ಲಿ ಯಾರೋ ಸಾಯುತ್ತಿದ್ದಾರೆ ಎಂದು ತಿಳಿದು ದಾರಿ ಬಿಟ್ಟು ಬರಬೇಕು, ಬಂದೇ ಬರುತ್ತಾನೆ.

1912ರ ಏಪ್ರಿಲ್‌ನಲ್ಲಿ ಟೈಟಾನಿಕ್ ಮುಳುಗುತ್ತಿದ್ದಾಗ ಹಾರಿಸಿದ್ದು ಬಿಳಿ ರಾಕೆಟ್. ಹತ್ತಿರದಲ್ಲಿದ್ದ ಕ್ಯಾಲಿಫೋರ್ನಿಯನ್ ಹಡಗಿನ ಆಫೀಸರುಗಳು ಅವನ್ನು ಕಂಡರು, ಮೋರ್ಸ್ ದೀಪದಲ್ಲಿ ಕರೆದು ನೋಡಿದರು, ಮಲಗಿದ್ದ ರೇಡಿಯೋ ಆಪರೇಟರನ್ನು ಮಾತ್ರ ಬೆಳಗಿನವರೆಗೆ ಎಬ್ಬಿಸಲಿಲ್ಲ. ಏನೋ ಸಂಕೇತ ಇರಬೇಕು ಎಂಬ ಅನುಮಾನದಲ್ಲೇ ರಾತ್ರಿ ಕಳೆಯಿತು. ಇವತ್ತು ಕೆಂಪು ರಾಕೆಟ್ ಎಂದರೆ ಒಂದೇ ಅರ್ಥ, ಅನುಮಾನಕ್ಕೆ ಜಾಗವಿಲ್ಲ. ಬೀಚಿನಲ್ಲಿ ಹಾರಿಸಿ ಅದಕ್ಕೆ ಎರಡನೇ ಅರ್ಥ ಹುಟ್ಟಿಸಬೇಡಿ. ಹಳೆಯವನ್ನು ಅಂಗಡಿಯವರಿಗೆ ಅಥವಾ ಬಂದರು ಅಧಿಕಾರಿಗಳಿಗೆ ಒಪ್ಪಿಸಲು ಕೇಳಿ, ಹೊಸವನ್ನು ತನ್ನಿ.

ಹೊಸದು ತಂದಮೇಲೆ ಬಳಸುವ ಕ್ರಮವನ್ನೂ ಹುಡುಗರಿಗೆ ಹೇಳಿಕೊಡಿ. ಹಡಗು ದೂರದಲ್ಲಿದ್ದರೆ ರಾಕೆಟ್. ಹತ್ತಿರ ಬಂದ ಮೇಲೆ, ನೀವೆಲ್ಲಿದ್ದೀರಿ ಎಂದು ತೋರಿಸಲು, ಒಂದು ನಿಮಿಷ ಉರಿಯುವ ಕೈ ಫ್ಲೇರ್. ಅದನ್ನು ಗಾಳಿ ಬೀಸಿಹೋಗುವ ಕಡೆಗೆ, ಬೋಟಿನಿಂದಾಚೆ ಕೈ ಚಾಚಿ ಹಿಡಿಯಬೇಕು, ಇಲ್ಲದಿದ್ದರೆ ಕಿಡಿ ಮೈಮೇಲೆಯೇ. ಹಗಲಾದರೆ ಕಿತ್ತಳೆ ಹೊಗೆ. ಫೋನ್ ಸಿಗ್ನಲ್ ಇದ್ದರೆ ಕೋಸ್ಟ್ ಗಾರ್ಡ್‌ನ 1554. ಇಸ್ರೋ ರೂಪಿಸಿದ, ಉಪಗ್ರಹದ ಮೂಲಕ ಅಪಾಯದ ಸುದ್ದಿ ಕಳಿಸುವ ಡಿಎಟಿ ಯಂತ್ರ ಬೋಟಿನಲ್ಲಿದ್ದರೆ ಅದರ ಗುಂಡಿ ಎಲ್ಲಿದೆ ಎಂಬುದು ತಾಂಡೇಲನೊಬ್ಬನಿಗಲ್ಲ, ಅಡುಗೆ ಮಾಡುವವನಿಗೂ ಗೊತ್ತಿರಲಿ.

ಪ್ರಶ್ನೆ: ಪಣಂಬೂರಿನ ನಮ್ಮ ಮನೆಗೆ ಹಡಗಿನ ಹಾರ್ನ್ ಕೇಳಿಸುತ್ತದೆ. ಒಮ್ಮೆ ಒಂದು, ಒಮ್ಮೆ ಮೂರು. ಅರ್ಥವಿದೆಯೇ? — ಹೈಸ್ಕೂಲ್ ವಿದ್ಯಾರ್ಥಿನಿ

ಇದೆ ಮಗಾ. ಸುಮಾರು ಒಂದು ಸೆಕೆಂಡಿನ ಗಿಡ್ಡ ಕೂಗು ಒಂದಾದರೆ 'ಬಲಕ್ಕೆ ತಿರುಗುತ್ತಿದ್ದೇನೆ'. ಎರಡು ಎಡಕ್ಕೆ. ಮೂರು ಎಂದರೆ ಎಂಜಿನ್ ಹಿಮ್ಮುಖ ನಡೆಸುತ್ತಿದೆ. ಐದೋ ಹೆಚ್ಚೋ ಬೇಗ ಬೇಗ ಬಂದರೆ 'ನಿನ್ನ ಉದ್ದೇಶ ನನಗೆ ತಿಳಿಯುತ್ತಿಲ್ಲ'. ಜೋರು ಮಳೆಯಲ್ಲಿ ಏನೂ ಕಾಣದಾಗ ಎರಡು ನಿಮಿಷದೊಳಗೆ ಒಮ್ಮೆಯಾದರೂ ನಾಲ್ಕರಿಂದ ಆರು ಸೆಕೆಂಡಿನ ಉದ್ದ ಕೂಗು. ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ ಬರೆದಿಡು. ತಿಂಗಳಾದ ಮೇಲೆ ನನಗೆ ಕಳಿಸು, ಕೂತು ಓದುತ್ತೇನೆ.

ಪ್ರಶ್ನೆ: ನನ್ನದು 20 ಅಡಿಯ ನಾಡದೋಣಿ. ಬ್ಯಾಟರಿ, ಕೆಂಪು ಹಸಿರು ದೀಪ ಎಲ್ಲ ಕಟ್ಟಲು ಜಾಗವೂ ಇಲ್ಲ, ದುಡ್ಡೂ ಇಲ್ಲ. ಏನು ಮಾಡಲಿ? — ಮೀನುಗಾರ, ಕುಮಟಾ ಕಡೆಯವರು

7 ಮೀಟರಿಗಿಂತ ಚಿಕ್ಕದಾಗಿದ್ದು, ಎಷ್ಟು ಓಡಿಸಿದರೂ ವೇಗ 7 ನಾಟ್ (ಗಂಟೆಗೆ 7 ನಾಟಿಕಲ್ ಮೈಲು) ದಾಟದ ದೋಣಿಗೆ ನಿಯಮ ಕೇಳುವುದು ಸುತ್ತಲೂ ಕಾಣುವ ಒಂದು ಬಿಳಿ ದೀಪ, ಸಾಧ್ಯವಾದರೆ ಪಕ್ಕದ ದೀಪ. ವೇಗ ಅದಕ್ಕಿಂತ ಹೆಚ್ಚಿದ್ದರೆ ಪಕ್ಕದ ಕೆಂಪು ಹಸಿರೂ ಬೇಕೇ ಬೇಕು. ಬರೀ ಹುಟ್ಟು ಹಾಕುವ ದೋಣಿಯಾದರೆ ಕೈಗೆ ಸಿಗುವಂತೆ ಒಂದು ಟಾರ್ಚೋ ಉರಿಯುವ ಲಾಟೀನೋ ಇರಲೇಬೇಕು, ಡಿಕ್ಕಿ ತಪ್ಪಿಸಲು ಸಾಕಷ್ಟು ಮೊದಲೇ ತೋರಿಸಬೇಕು. 'ಸಾಕಷ್ಟು ಮೊದಲೇ' ಎಂದರೆ ಎಷ್ಟು? 15 ನಾಟ್ ವೇಗದ ಹಡಗು ಒಂದು ನಾಟಿಕಲ್ ಮೈಲು, ಅಂದರೆ 1852 ಮೀಟರ್, ನಾಲ್ಕೇ ನಿಮಿಷದಲ್ಲಿ ದಾಟುತ್ತದೆ. ದೊಡ್ಡ ಹಡಗಿನಲ್ಲಿ ಮೂತಿಯ ಮುಂದೆ 500 ಮೀಟರಿನವರೆಗೆ ನೀರು ಬ್ರಿಡ್ಜಿನಿಂದ ಕಾಣದೇ ಇರಬಹುದು. ಅಷ್ಟು ಹತ್ತಿರ ಬಂದ ಮೇಲೆ ನೀವು ಏನು ತೋರಿಸಿದರೂ ನೋಡುವವರಿಲ್ಲ.

ಒಂದು ರಾತ್ರಿ, ಎರಡೂವರೆ ಸುಮಾರಿಗೆ, ಭಟ್ಕಳದ ನೇರಕ್ಕೆ ನಮ್ಮ ಹಡಗು ದಕ್ಷಿಣಕ್ಕೆ ಹೋಗುತ್ತಿತ್ತು. ಮೋಡ, ಚಂದ್ರನಿಲ್ಲ. ರೇಡಾರಿನಲ್ಲಿ ಏನೂ ಇರಲಿಲ್ಲ. ಎದುರಿಗೆ ತುಸು ಎಡಕ್ಕೆ ಒಂದು ಮಂಕು ಬೆಳಕು ಮೇಲೆ ಕೆಳಗೆ ಆಡಿತು, ಹೋಯಿತು. ಮೀನೋ ನೊರೆಯೋ ಅಂದುಕೊಂಡೆ. ಲುಕ್‌ಔಟಿನಲ್ಲಿದ್ದ ರತ್ನಗಿರಿ ಕಡೆಯ ಹಿರಿಯ ನಾವಿಕ "ಸಾಬ್, ಟಾರ್ಚ್" ಎಂದ. ಮತ್ತೆ ಆಡಿತು. ಬಲಕ್ಕೆ ಪೂರ್ತಿ ಚುಕ್ಕಾಣಿ ಹಾಕಿಸಿದೆ. ಹಡಗು ತಿರುಗಲು ತೆಗೆದುಕೊಂಡ ಹೊತ್ತು ಈಗಲೂ ನೆನಪಿದೆ, ಮೂತಿ ಸರಿಯುತ್ತಿಲ್ಲ ಎನ್ನಿಸುತ್ತಿತ್ತು. ಆಮೇಲೆ ಬ್ರಿಡ್ಜಿನ ಎಡ ರೆಕ್ಕೆಗೆ ಓಡಿ ಕೆಳಗೆ ನೋಡಿದೆ. ಹುಟ್ಟಿನ ದೋಣಿ. ಒಬ್ಬ ನಿಂತಿದ್ದ, ಇನ್ನೊಬ್ಬ ಬಲೆ ಎಳೆದುಕೊಳ್ಳುತ್ತಿದ್ದ. ನಿಂತವನ ಕೈಯಲ್ಲಿ ಎರಡು ಸೆಲ್ಲಿನ ಟಾರ್ಚು, ಸೆಲ್ಲು ಸೋತು ಹಳದಿಯಾಗಿತ್ತು. ನಮ್ಮ ಅಲೆಗೆ ದೋಣಿ ಎದ್ದು ಬಿದ್ದಿತು. ಅವನು ಟಾರ್ಚನ್ನು ಬ್ರಿಡ್ಜಿನ ಕಡೆಗೆ ಹಿಡಿದೇ ಇದ್ದ, ನಾವು ದಾಟಿ ಹೋಗುವವರೆಗೂ.

ಸೆಲ್ಲು ಹೊಸದು ಹಾಕಿ. ಇನ್ನೊಂದು ಜೊತೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಬುತ್ತಿಯ ಜೊತೆಗಿಟ್ಟುಕೊಳ್ಳಿ.