ಪಟ್ಟಿ ಅರ್ಧ ಮಾಡಿ, ಆ ಅರ್ಧವನ್ನೂ ಮಕ್ಕಳ ಕೈಗೆ ಕೊಡಿ

ನೀವು ಕೇಳಿರುವುದು ಇಷ್ಟು. ಮೇ ತಿಂಗಳಲ್ಲಿ ನಾಲ್ಕು ದಿನ, ಬೆಂಗಳೂರಿನಿಂದ ಚಿಕ್ಕಮಗಳೂರಿಗೆ ಸ್ವಂತ ಕಾರಿನಲ್ಲಿ ಬರಬೇಕು. ಎಸ್‌ಎಸ್‌ಎಲ್‌ಸಿ ಮುಗಿಸಿದ ಮಗಳು, ಎಂಟನೇ ಕ್ಲಾಸಿಗೆ ಹೋಗಲಿರುವ ಮಗ. "ಅಲ್ಲಿ ನೆಟ್‌ವರ್ಕೇ ಇರಲ್ಲ, ನಾವು ಬರಲ್ಲ" ಅಂತ ಇಬ್ಬರೂ ಮುಖ ಊದಿಸಿಕೊಂಡಿದ್ದಾರೆ. ಬೇಲೂರು, ಹಳೇಬೀಡು, ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ, ಕೆಮ್ಮಣ್ಣುಗುಂಡಿ, ಹೆಬ್ಬೆ, ಶೃಂಗೇರಿ, ಹೊರನಾಡು, ಕುದುರೆಮುಖ ಇಷ್ಟನ್ನೂ ನೋಡಬೇಕು, ಮಕ್ಕಳಿಗೂ ಬೇಜಾರಾಗಬಾರದು. ಹೇಗೆ?

ನಾನು ಚಿಕ್ಕಮಗಳೂರಿನವಳು. ಮನೆಯಲ್ಲಿ ಅದೇ ವಯಸ್ಸಿನ ಮಕ್ಕಳಿದ್ದಾರೆ. ಬೇಸಿಗೆ ರಜೆ ಬಂತೆಂದರೆ ಅಕ್ಕ, ಅಣ್ಣಂದಿರ ಮಕ್ಕಳೂ ಬಂದು ಸೇರುತ್ತಾರೆ. ಅದಕ್ಕೇ ಧೈರ್ಯವಾಗಿ ಹೇಳುತ್ತೇನೆ, ಈ ಪಟ್ಟಿಯನ್ನು ಅರ್ಧ ಮಾಡಿ. ಉಳಿದ ಅರ್ಧದಲ್ಲಿ ಯಾವುದು ಬೇಕು ಅಂತ ಮಕ್ಕಳೇ ಆರಿಸಲಿ. ಹದಿನಾಲ್ಕು, ಹದಿನಾರು ವಯಸ್ಸಿನವರಿಗೆ ಬೆಟ್ಟ ಬೇಜಾರಲ್ಲ. ಯಾರೋ ಹಾಕಿದ ಪ್ಲಾನಿಗೆ ಲಗೇಜಿನ ಹಾಗೆ ಹಿಂದಿನ ಸೀಟಿನಲ್ಲಿ ಕೂರುವುದು ಬೇಜಾರು.

ಮೊದಲು ತೆಗೆಯಬೇಕಾದ್ದು ಶೃಂಗೇರಿ, ಹೊರನಾಡು, ಕುದುರೆಮುಖ. ಒಳ್ಳೆಯ ಜಾಗಗಳೇ, ಆದರೆ ಅವು ಬೇರೆ ದಿಕ್ಕು. ಹೊರನಾಡಿಗೆ ಇಲ್ಲಿಂದ ಸುಮಾರು 100 ಕಿಲೋಮೀಟರ್. ನಕ್ಷೆಯಲ್ಲಿ ಚಿಕ್ಕದಾಗಿ ಕಾಣುತ್ತದೆ. ಆದರೆ ಮಲೆನಾಡಿನ ತಿರುವುಗಳಲ್ಲಿ ಹೋಗೋಕೆ ಮೂರು ಗಂಟೆ, ಬರೋಕೆ ಮೂರು ಗಂಟೆ. ಆ ದಿನ ಪೂರ್ತಿ ಕಾರಿನೊಳಗೇ ಕಳೆಯುತ್ತದೆ. ದಸರಾ ರಜೆಗೆ ಅದನ್ನೇ ಬೇರೆ ಪ್ರವಾಸ ಮಾಡಿಕೊಳ್ಳಿ. ಮಳೆಗಾಲ ಮುಗಿದು ಆ ಕಡೆ ಹಸಿರು ತುಂಬಿರುತ್ತದೆ.

ಬರುವ ದಿನ ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣ, ಹಾಸನ, ಬೇಲೂರು ದಾರಿ ಹಿಡಿಯಿರಿ. ಒಟ್ಟು ಸುಮಾರು 245 ಕಿಲೋಮೀಟರ್. ಹಾಸನದವರೆಗೆ ಹೈವೇ, ಗಾಡಿ ಸರಾಗ ಓಡುತ್ತದೆ. ಬೇಲೂರು ಮತ್ತು ಹಳೇಬೀಡು ಎರಡನ್ನೂ ಒಂದೇ ದಿನ ಮಕ್ಕಳ ಮೇಲೆ ಹೇರಬೇಡಿ. ಒಂದು ಸಾಕು. ನನ್ನ ಆಯ್ಕೆ ಬೇಲೂರು. ನಡು ಮಧ್ಯಾಹ್ನ ಮಾತ್ರ ಬೇಡ. ಚಪ್ಪಲಿ ಹೊರಗೆ ಬಿಡಬೇಕು, ಮೇ ಬಿಸಿಲಿಗೆ ಅಂಗಳದ ಕಲ್ಲು ಕಾದು ಕಾಲು ಸುಡುತ್ತದೆ. ಎಲ್ಲರಿಗೂ ಒಂದೊಂದು ಜೊತೆ ಸಾಕ್ಸ್ ಇಟ್ಟುಕೊಳ್ಳಿ.

ಅಲ್ಲಿ ಇತಿಹಾಸದ ಪಾಠ ಶುರು ಮಾಡಬೇಡಿ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ್ದು, 2023ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ್ದು ಅಂತ ಎರಡು ಮಾತು ಸಾಕು. ಆಮೇಲೆ ಮಕ್ಕಳಿಗೆ ಒಂದು ಕೆಲಸ ಕೊಡಿ, ಶಿಲ್ಪಿಗಳ ಸಹಿ ಹುಡುಕುವುದು. ಹೌದು, ಇಲ್ಲಿನ ಶಿಲ್ಪಿಗಳು ತಮ್ಮ ಹೆಸರನ್ನು ಹಳಗನ್ನಡದಲ್ಲಿ ಕೆತ್ತಿ ಬಿಟ್ಟಿದ್ದಾರೆ. ಬಳ್ಳಿಗಾವಿಯಿಂದ ಬಂದ ದಾಸೋಜ, ಅವನ ಮಗ ಚಾವಣ, ಅಪ್ಪ ಮಗ ಇಬ್ಬರೂ ಮದನಿಕೆಗಳ ಕೆಳಗೆ ಹೆಸರು ಹಾಕಿದ್ದಾರೆ. ಗೈಡ್‌ಗೆ ಮೊದಲೇ ಹೇಳಿ, "ರಾಜರ ಕಥೆ ಆಮೇಲೆ, ಸಹಿ ಎಲ್ಲಿದೆ ತೋರಿಸಿ" ಅಂತ. ಚಿತ್ರ ಬಿಡಿಸುವ ನನ್ನ ಅಣ್ಣನ ಮಗಳು ಫೋನ್ ಕ್ಯಾಮೆರಾವನ್ನು ಜೂಮ್ ಮಾಡಿಕೊಂಡು ಒಂದೊಂದು ಅಕ್ಷರ ಕೂಡಿಸಿ ಓದಿದಳು. ನಾವು ಹೊರಡೋಣ ಅಂದರೂ ಅವಳು ಹೊರಡಲಿಲ್ಲ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಗಟ್ಟಿಯಾಗುತ್ತದೆ. ಅದರಿಂದಲೇ ಬಳೆಯ ಅಂಚು, ಕೂದಲಿನ ಎಳೆ ಅಷ್ಟು ಸಣ್ಣದಾಗಿ ಬಂದಿವೆ. ಇದನ್ನು ಹೇಳಿ, ಮಕ್ಕಳು ಹತ್ತಿರ ಹೋಗಿ ನೋಡುತ್ತಾರೆ.

ಇನ್ನು ಫೋನಿನ ವಿಷಯ. ಕಿತ್ತುಕೊಳ್ಳಬೇಡಿ. ಆದರೆ ಘಾಟಿ ರಸ್ತೆಯಲ್ಲಿ ಪರದೆ ನೋಡಿದರೆ ವಾಂತಿ ಬರುತ್ತದೆ, ಇದು ನಿಜವಾದ ಸಮಸ್ಯೆ. ಕಿವಿಯೊಳಗಿನ ಸಮತೋಲನದ ಅಂಗ ಗಾಡಿ ತಿರುಗುತ್ತಿದೆ ಅನ್ನುತ್ತದೆ. ಪರದೆ ನೋಡುವ ಕಣ್ಣು ಏನೂ ಅಲುಗಾಡುತ್ತಿಲ್ಲ ಅನ್ನುತ್ತದೆ. ಇವೆರಡಕ್ಕೂ ತಾಳೆಯಾಗದೆ ಹೊಟ್ಟೆ ತೊಳಸುತ್ತದೆ. ಯಾರಿಗೆ ಜಾಸ್ತಿ ತೊಂದರೆಯೋ ಅವರು ಮುಂದಿನ ಸೀಟಿಗೆ ಬರಲಿ, ದೂರದ ರಸ್ತೆ ನೋಡಲಿ, ಕಿಟಕಿ ಸ್ವಲ್ಪ ಇಳಿಸಿ. ಹೊರಡುವ ಮುಂಚೆ ಎಣ್ಣೆ ತಿಂಡಿ ಬೇಡ, ಖಾಲಿ ಹೊಟ್ಟೆಯೂ ಬೇಡ, ಎರಡು ಇಡ್ಲಿ ಸಾಕು. ಮಾತ್ರೆ ಬೇಕಾದರೆ ಡಾಕ್ಟರನ್ನು ಕೇಳಿ ಇಟ್ಟುಕೊಳ್ಳಿ. ಅದನ್ನು ತಿರುವು ಶುರುವಾಗುವುದಕ್ಕೆ ಮೊದಲೇ ತೆಗೆದುಕೊಳ್ಳಬೇಕು, ಹೊಟ್ಟೆ ತೊಳಸೋಕೆ ಶುರುವಾದ ಮೇಲೆ ತೆಗೆದುಕೊಂಡರೆ ಅಷ್ಟು ಕೆಲಸ ಮಾಡಲ್ಲ.

ಮುಂದಿನ ಸೀಟಿಗೆ ಬಂದವರಿಗೆ ದಾರಿಯ ಜವಾಬ್ದಾರಿ ಕೊಡಿ. ಮಗಳು ಹಿಂದಿನ ರಾತ್ರಿಯೇ ನಕ್ಷೆ ಡೌನ್‌ಲೋಡ್ ಮಾಡಿಟ್ಟುಕೊಳ್ಳಲಿ, ಏಕೆಂದರೆ ಕಣಿವೆಗಳಲ್ಲಿ ಸಿಗ್ನಲ್ ನಿಜವಾಗಿಯೂ ಹೋಗುತ್ತದೆ. "ಇಲ್ಲಿ ಬಲಕ್ಕೆ" ಅಂತ ಅವಳು ಹೇಳಿದರೆ ಬಲಕ್ಕೆ ತಿರುಗಿ. ತಪ್ಪಾದರೂ ಸಿಡಿಮಿಡಿಗೊಳ್ಳಬೇಡಿ. ಮಗನಿಗೆ ದಿನದ ತಿಂಡಿ, ಊಟದ ದುಡ್ಡು ಕೊಡಿ. ಎಲ್ಲಿ ನಿಲ್ಲಿಸಬೇಕು, ಏನು ತಿನ್ನಬೇಕು ಅವನೇ ಹೇಳಲಿ. ನನ್ನ ಅಕ್ಕನ ಮಗ ಈ ಕೆಲಸ ಸಿಕ್ಕಿದ ದಿನದಿಂದ ಬೇರೆಯೇ ಹುಡುಗನಾದ. ಕೊಟ್ಟಿಗೆಹಾರದ ನೀರು ದೋಸೆ ಬಗ್ಗೆ ಯಾರಿಂದಲೋ ಕೇಳಿ, ಮೂಡಿಗೆರೆ ದಾಟಿಸಿ ಅಲ್ಲಿಗೇ ಕರೆದುಕೊಂಡು ಹೋದ. ಎಲ್ಲರ ಬಿಲ್ಲನ್ನೂ ತಾನೇ ಎಣಿಸಿ ಕೊಟ್ಟ. ಆ ಹುಡುಗನ ಮುಖ ನೋಡಿ ನನಗೆ ತುಂಬಾ ಸಂತೋಷವಾಯಿತು.

ಬೆಳಗಿನ ಜಗಳದ ಬಗ್ಗೆಯೂ ಹೇಳಬೇಕು. "ಸೂರ್ಯೋದಯಕ್ಕೆ ಏಳಲ್ಲ" ಅಂದರೆ ಅದು ಸೋಮಾರಿತನ ಅಲ್ಲ. ಈ ವಯಸ್ಸಿನಲ್ಲಿ ನಿದ್ದೆ ತರುವ ಮೆಲಟೋನಿನ್ ರಾತ್ರಿ ತಡವಾಗಿ ಏರುತ್ತದೆ, ಅದಕ್ಕೆ ಬೆಳಿಗ್ಗೆ ಕಣ್ಣು ಬಿಡೋಕಾಗಲ್ಲ. ನಾಲ್ಕು ದಿನದಲ್ಲಿ ಒಂದೇ ದಿನ ಬೇಗ ಎಬ್ಬಿಸಿ, ಅದು ಯಾವ ದಿನ ಅಂತ ಮೊದಲೇ ಒಪ್ಪಂದ ಮಾಡಿಕೊಳ್ಳಿ. ಉಳಿದ ದಿನ ಒಂಬತ್ತಕ್ಕೆ ತಿಂಡಿ, ಹತ್ತಕ್ಕೆ ಹೊರಡುವುದು. ಸುಮ್ನೆ ಎಬ್ಬಿಸಿ ಕಿರಿಕಿರಿ ಮಾಡಿಕೊಂಡರೆ ದಿನವೆಲ್ಲ ಹಾಳು.

ಆ ಒಂದು ಬೆಳಗನ್ನು ಮುಳ್ಳಯ್ಯನಗಿರಿಗೆ ಇಟ್ಟುಕೊಳ್ಳಿ. 1930 ಮೀಟರ್, ಕರ್ನಾಟಕದಲ್ಲೇ ಎತ್ತರದ ಬೆಟ್ಟ. ಈಗ ಗಿರಿಗೆ ಹೋಗುವ ಗಾಡಿಗಳಿಗೆ ಆನ್‌ಲೈನ್‌ನಲ್ಲಿ ಮೊದಲೇ ನೋಂದಣಿ ಮಾಡಿಸಬೇಕು, ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಬೇರೆ ಬೇರೆ ಸ್ಲಾಟ್ ಇರುತ್ತದೆ. ಬೆಳಗಿನ ಸ್ಲಾಟ್ ಹಿಡಿಯಿರಿ. ಮೇ ತಿಂಗಳ ವಾರಾಂತ್ಯಕ್ಕೆ ಅದು ಬೇಗ ತುಂಬುತ್ತದೆ, ಆಗುವುದಾದರೆ ಮಂಗಳವಾರ, ಬುಧವಾರ ಬನ್ನಿ. ಬೆಳಿಗ್ಗೆಯೇ ಯಾಕೆ ಅಂದರೆ, ಭರಣಿ, ಕೃತ್ತಿಕೆ ಮಳೆಯ ಕಾಲದಲ್ಲಿ ಮಧ್ಯಾಹ್ನ ಎರಡು ಮೂರರ ಹೊತ್ತಿಗೆ ಮೋಡ ಕವಿದು ಗುಡುಗು ಶುರುವಾಗುತ್ತದೆ. ಬೋಳು ಬೆಟ್ಟದ ತುದಿಯಲ್ಲಿ ಸಿಡಿಲಿಗೆ ಮರೆ ಇರಲ್ಲ. ಮೊದಲ ಗುಡುಗು ಕೇಳಿದ ಕೂಡಲೇ ಇಳಿಯಿರಿ, ಇನ್ನೊಂದು ಫೋಟೊ ಅಂತ ನಿಲ್ಲಬೇಡಿ.

ಮೇಲೆ ಹೋಗುವಾಗ ಒಂದು ಮಜಾ ಇದೆ. ಬೆಂಗಳೂರಿನಲ್ಲೇ ಒಂದು ಚಿಪ್ಸ್ ಪ್ಯಾಕೆಟ್ ಕೊಂಡು ಡ್ಯಾಶ್‌ಬೋರ್ಡ್ ಕೆಳಗೆ ನೆರಳಲ್ಲಿ ಇಡಿ. ಊರು ಬಿಡುವಾಗ ಬೆರಳಿಂದ ಒತ್ತಿದರೆ ಒಳಗೆ ಹೋಗುತ್ತದೆ. ಗಿರಿಯ ಪಾರ್ಕಿಂಗ್ ತಲುಪುವಾಗ ಪ್ಯಾಕೆಟ್ ಉಬ್ಬಿ, ಬಿಗಿಯಾಗಿ, ಹೊಲಿಗೆ ಎಳೆದುಕೊಂಡಿರುತ್ತದೆ. ಹೊರಗಿನ ಗಾಳಿಯ ಒತ್ತಡ ಕಡಿಮೆಯಾಗಿ ಒಳಗಿನ ಗಾಳಿ ಹಿಗ್ಗುತ್ತದೆ, ಅಷ್ಟೇ. ನಮ್ಮ ಮಕ್ಕಳು ಪ್ರತಿ ತಿರುವಿಗೂ ಅದನ್ನು ಒತ್ತಿ ನೋಡುತ್ತಿದ್ದರು. ಚಿಕ್ಕಮಗಳೂರು ಪಟ್ಟಣಕ್ಕಿಂತ ಗಿರಿ ಸುಮಾರು 800 ಮೀಟರ್ ಮೇಲಿದೆ, ನಾಲ್ಕೈದು ಡಿಗ್ರಿ ತಂಪು ಜಾಸ್ತಿ. ಗಾಳಿಯೂ ಜೋರು, ಬೇಸಿಗೆ ಅಂತ ಜಾಕೆಟ್ ಬಿಟ್ಟು ಬರಬೇಡಿ. ಬಾಬಾಬುಡನ್‌ಗಿರಿ ಅದೇ ಸಾಲಿನಲ್ಲಿದೆ, ಅದೇ ದಿನ ಮುಗಿಯುತ್ತದೆ. 17ನೇ ಶತಮಾನದಲ್ಲಿ ಬಾಬಾ ಬುಡನ್ ಯೆಮನ್‌ನಿಂದ ಏಳು ಕಾಫಿ ಬೀಜ ತಂದು ಈ ಇಳಿಜಾರಿನಲ್ಲೇ ನೆಟ್ಟರು ಅಂತ ಪ್ರತೀತಿ. ಆ ಸಂಜೆಗೆ ಏನೂ ಇಟ್ಟುಕೊಳ್ಳಬೇಡಿ. ತೋಟದ ಹೋಂಸ್ಟೇಯಲ್ಲಿ ಅಕ್ಕಿ ರೊಟ್ಟಿ, ಹಲಸಿನ ಹಣ್ಣು, ಕೇರಂ ಬೋರ್ಡ್ ಇದ್ದರೆ ಸಾಕು.

ಮೂರನೇ ದಿನ ಪೂರ್ತಿ ಮಕ್ಕಳ ಆಯ್ಕೆ. ಮೂರು ದಾರಿ ಮುಂದಿಡಿ. ಒಂದು, ಕೆಮ್ಮಣ್ಣುಗುಂಡಿ ಮತ್ತು ಹೆಬ್ಬೆ. ಹೆಬ್ಬೆಗೆ ನಿಮ್ಮ ಕಾರು ಹೋಗಲ್ಲ, ಜೀಪಿನಲ್ಲೇ ಹೋಗಬೇಕು, ಆಮೇಲೆ ಕಾಡಿನಲ್ಲಿ ಸ್ವಲ್ಪ ನಡಿಗೆ. 168 ಮೀಟರ್ ಎತ್ತರದ ಜಲಪಾತ. ಮೇನಲ್ಲಿ ನೀರು ಕಡಿಮೆ, ಆದರೆ ಆ ಜೀಪಿನ ಕುಲುಕಾಟವೇ ಈ ವಯಸ್ಸಿನವರಿಗೆ ಇಷ್ಟ. ಎರಡು, ಲಕ್ಕವಳ್ಳಿಯ ಭದ್ರಾ ಹಿನ್ನೀರು. ಬೇಸಿಗೆಯಲ್ಲಿ ನೀರು ಇಳಿದಾಗ ತಲೆ ಎತ್ತುವ ನಡುಗಡ್ಡೆಗಳ ಮೇಲೆ ರಿವರ್ ಟರ್ನ್ ಹಕ್ಕಿಗಳು ಮೊಟ್ಟೆ ಇಟ್ಟು ಮರಿ ಮಾಡುತ್ತವೆ. ದೋಣಿಯಿಂದ ನೋಡಬಹುದು. ಇದು ಬೇಸಿಗೆಯಲ್ಲಿ ಮಾತ್ರ ಸಿಗುವ ನೋಟ, ನನ್ನನ್ನು ಕೇಳಿದರೆ ನಾನು ಇದನ್ನೇ ಆರಿಸುತ್ತೇನೆ. ಮೂರು, ಮೂಡಿಗೆರೆ ಕಡೆಯ ದೇವರಮನೆ ಬೆಟ್ಟ ಮತ್ತು ಕೊಟ್ಟಿಗೆಹಾರ. ದೊಡ್ಡ ಚಾರಣದ ಆಸೆ ಬೇಡ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಅರಣ್ಯದ ಚಾರಣದ ದಾರಿಗಳನ್ನು ಮುಚ್ಚುವುದುಂಟು.

ಅಪ್ಪ ಅಮ್ಮನಿಗೆ ಒಂದು ಮಾತು. ಘಾಟಿ ಇಳಿಯುವಾಗ ಬ್ರೇಕ್ ಒಂದನ್ನೇ ನಂಬಬೇಡಿ, ಹತ್ತೋಕೆ ಬೇಕಾದ ಗೇರಿನಲ್ಲೇ ಇಳಿಯಿರಿ. ಒಂದೇ ಸಮ ತುಳಿದರೆ ಬ್ರೇಕ್ ಕಾದು ಹಿಡಿಯುವುದನ್ನೇ ಬಿಡುತ್ತದೆ. ಸುಟ್ಟ ವಾಸನೆ ಬಂದರೆ ಗಾಡಿ ನಿಲ್ಲಿಸಿ ಆರಲು ಬಿಡಿ. ಕಿರಿದಾದ ಜಾಗದಲ್ಲಿ ಮೇಲಕ್ಕೆ ಹತ್ತುವ ಗಾಡಿಗೆ ಮೊದಲು ದಾರಿ ಕೊಡಬೇಕು, ಇದು ನಿಯಮ. ಪೆಟ್ರೋಲ್ ಪಟ್ಟಣದಲ್ಲೇ ತುಂಬಿಸಿಕೊಳ್ಳಿ.

ವಾಪಸ್ ಹೋಗುವ ದಿನ ಬಂದ ದಾರಿಯಲ್ಲೇ ಹೋಗಬೇಡಿ. ಮೂಡಿಗೆರೆ, ಸಕಲೇಶಪುರ, ಹಾಸನ ಅಂತ ಇಳಿಯಿರಿ. ಸಕಲೇಶಪುರದಿಂದ ಮಂಗಳೂರಿನ ಕಡೆ ಸ್ವಲ್ಪ ದೂರದಲ್ಲಿ ಮಂಜರಾಬಾದ್ ಕೋಟೆ ಇದೆ, 1792ರಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ್ದು, ಎಂಟು ಮೂಲೆಯ ನಕ್ಷತ್ರದ ಆಕಾರ. ಒಳಗೆ ನಿಂತರೆ ಆ ಆಕಾರ ಕಾಣಲ್ಲ. ಮಗ ಮೊದಲು ಸ್ಯಾಟಲೈಟ್ ಚಿತ್ರದಲ್ಲಿ ನೋಡಲಿ, ಆಮೇಲೆ ಗೋಡೆ ಹಿಡಿದು ನಡೆಯುತ್ತಾ ಯಾವ ಮೂಲೆಯಲ್ಲಿದ್ದೇವೆ ಅಂತ ಅವನೇ ಹೇಳಲಿ. ನೋಡಿಕೊಂಡು ವಾಪಸ್ ಬಂದು ಹಾಸನದ ಕಡೆ ಹೈವೇ ಹಿಡಿಯಿರಿ. ಮೂಡಿಗೆರೆ, ಸಕಲೇಶಪುರ, ಆಲೂರು ಭಾಗದ ತೋಟಗಳಲ್ಲಿ ಕಾಡಾನೆಗಳ ಓಡಾಟ ಇದೆ. ಅದಕ್ಕೆ ಹಗಲಲ್ಲೇ ದಾಟಿ, ತೋಟದ ಒಳರಸ್ತೆಯಲ್ಲಿ ಮಬ್ಬುಗತ್ತಲಲ್ಲಿ ಗಾಡಿ ನಿಲ್ಲಿಸಿ ಇಳಿಯಬೇಡಿ. ಮಧ್ಯಾಹ್ನ ಮೂರಕ್ಕೆ ಹಾಸನ ಬಿಟ್ಟರೆ ರಾತ್ರಿ ಊಟಕ್ಕೆ ಬೆಂಗಳೂರು ಸೇರುತ್ತೀರಿ. ಹೋಂಸ್ಟೇ ಮತ್ತು ಗಿರಿಯ ಸ್ಲಾಟ್ ಎರಡೂ ಸಿಕ್ಕಿದ ಮೇಲೆ ತಾರೀಖು ಹೇಳಿ. ಆ ವಾರ ಇಲ್ಲಿ ಮಳೆ ಹೇಗಿದೆ ಅಂತ ನಾನು ಇಲ್ಲೇ ಬರೆಯುತ್ತೇನೆ.