ಚೀಲದ ಮೇಲಿನ ‘ಹಿಂಡಿ’ ಯಾವ ಹಿಂಡಿ?

ಗದಗ ತಾಲೂಕಿನಿಂದ ಬಂದ ನಿಮ್ಮ ಪತ್ರದ ಸಾರ ಇಷ್ಟು: ಎರಡು ಕಂಪನಿಗಳ ಪಶು ಆಹಾರ, ಎರಡು ಚೀಲಗಳ ಮೇಲೂ ‘ಕಚ್ಚಾ ಪ್ರೋಟೀನ್ ಶೇ 20’. ಅಗ್ಗದ್ದು ಹಾಕತೊಡಗಿದ ಮೇಲೆ ಎಮ್ಮೆ ಹಾಲು ಇಳಿಸಿತು. ಚೀಲದ ಮೇಲೆ ‘ಎಣ್ಣೆಬೀಜದ ಹಿಂಡಿ, ಧಾನ್ಯ, ಧಾನ್ಯದ ಉಪ ಉತ್ಪನ್ನ’ ಎಂದಷ್ಟೇ ಇದೆ. ಇದು ಮೋಸವೇ? ಜತೆಗೆ, ಮಗಳು ಸಾಕಿದ ನಾಯಿಯ ಆಹಾರದಲ್ಲಿ ‘ಚಿಕನ್ ಬೈಪ್ರಾಡಕ್ಟ್ ಮೀಲ್’ ಅಂದರೇನು?

ಚೀಲ ನೋಡಿ ಮೋಸ ಅನ್ನಲಾಗದು. ಆದರೆ ಇಂಥ ಗುಂಪು ಹೆಸರುಗಳು ತಯಾರಕರಿಗೆ ಬಲು ಅನುಕೂಲ. ಶೇಂಗಾ ಹಿಂಡಿಯ ದರ ಏರಿದರೆ ಹತ್ತಿಕಾಳು ಹಿಂಡಿ ಸುರಿಯಬಹುದು, ಚೀಲದ ಅಕ್ಷರ ಬದಲಿಸಬೇಕಿಲ್ಲ.

ಕಚ್ಚಾವಸ್ತುವಿನ ವ್ಯಾಖ್ಯೆ ಗಟ್ಟಿಯಾಗಿರಬೇಕಾದರೆ ಯಾವ ಬೆಳೆ, ಅದರ ಯಾವ ಭಾಗ, ಎಣ್ಣೆ ತೆಗೆದದ್ದು ಹೇಗೆ, ಏನು ಎಷ್ಟು ಮೀರಬಾರದು ಎಂಬುದೆಲ್ಲ ಅದರಲ್ಲಿ ಇರಬೇಕು. ಹತ್ತಿಕಾಳು ಹಿಂಡಿಯನ್ನೇ ನೋಡಿ. ಸಿಪ್ಪೆ ಸಮೇತ ಹಿಂಡಿದ್ದಾದರೆ ಪ್ರೋಟೀನ್ ಶೇ 22ರ ಆಸುಪಾಸು, ಸಿಪ್ಪೆ ತೆಗೆದು ಹಿಂಡಿದ್ದಾದರೆ ಶೇ 40ರ ಹತ್ತಿರ. ಯಂತ್ರದಲ್ಲಿ ಹಿಂಡಿದ್ದರಲ್ಲಿ ಒಂದಿಷ್ಟು ಎಣ್ಣೆ ಉಳಿದಿರುತ್ತದೆ. ಸಾಲ್ವೆಂಟ್, ಅಂದರೆ ಎಣ್ಣೆ ಕರಗಿಸುವ ದ್ರವ, ಹಾಕಿ ತೆಗೆದದ್ದರಲ್ಲಿ ಅದು ಬಹುತೇಕ ಇಲ್ಲ. ಹೆಸರು ಮಾತ್ರ ಎಲ್ಲಕ್ಕೂ ಒಂದೇ. ಶೇಂಗಾ ಹಿಂಡಿಗೆ ಇನ್ನೊಂದು ಮಿತಿ ಮುಖ್ಯ: ಕೊಯ್ಲಿನಲ್ಲಿ ಮಳೆಗೆ ಸಿಕ್ಕ ಕಾಯಿಗೆ ಬೂಷ್ಟು ಹಿಡಿದರೆ ಅಫ್ಲಾಟಾಕ್ಸಿನ್ ಎಂಬ ವಿಷ ಸೇರುತ್ತದೆ, ಅದು ಹಾಲಿಗೂ ಇಳಿಯುತ್ತದೆ. ಪಶು ಆಹಾರದ ಭಾರತೀಯ ಮಾನಕ ಐಎಸ್ 2052ರಲ್ಲಿ ಬಿ1 ಬಗೆಯ ಅಫ್ಲಾಟಾಕ್ಸಿನ್ನಿಗೆ ಕಿಲೋಗೆ 20 ಮೈಕ್ರೋಗ್ರಾಂ ಮಿತಿ.

ಇನ್ನು ಆ ಶೇ 20. ಪ್ರಯೋಗಾಲಯ ಅಳೆಯುವುದು ಪ್ರೋಟೀನನ್ನಲ್ಲ, ಸಾರಜನಕವನ್ನು. ಬಂದ ಅಂಕಿಯನ್ನು 6.25ರಿಂದ ಗುಣಿಸುತ್ತಾರೆ. ಯೂರಿಯಾದಲ್ಲಿ ಶೇ 46 ಸಾರಜನಕ. ಹಾಗಾಗಿ ಕ್ವಿಂಟಲ್ ಆಹಾರಕ್ಕೆ ಒಂದು ಕಿಲೋ ಯೂರಿಯಾ ಬೆರೆಸಿದರೆ ಕಾಗದದ ಮೇಲೆ ಸುಮಾರು 2.9 ಕಿಲೋ ‘ಪ್ರೋಟೀನ್’ ಏರುತ್ತದೆ. ದೊಡ್ಡ ದನ ಮಿತಿಯೊಳಗಿನ ಯೂರಿಯಾವನ್ನು ಗೊಂಜಾಳ, ಕಾಕಂಬಿಯ ಶಕ್ತಿ ಜತೆಗಿದ್ದರೆ ಅರಗಿಸಿಕೊಳ್ಳುತ್ತದೆ. ಕರುವಿಗೆ ಮಾತ್ರ ಬೇಡವೇ ಬೇಡ.

ಯೂರಿಯಾ ಬೆರೆತಿದೆಯೇ ಎಂದು ಮನೆಯಲ್ಲೇ ನೋಡಬಹುದು. ಆಹಾರವನ್ನು ಪುಡಿಮಾಡಿ ಎರಡು ಗ್ಲಾಸಿಗೆ ಎರಡೆರಡು ಚಮಚ ಹಾಕಿ, ಮುಳುಗುವಷ್ಟು ಉಗುರುಬೆಚ್ಚಗಿನ ನೀರು ಸೇರಿಸಿ. ಒಂದಕ್ಕೆ ಮಾತ್ರ ಹಸಿ ಸೋಯಾ ಅವರೆಯ ಹಿಟ್ಟು ಒಂದು ಚಮಚ ಕಲಸಿ; ಹುರಿದದ್ದು ನಡೆಯದು, ಯೂರಿಯಾವನ್ನು ಒಡೆದು ಅಮೋನಿಯಾ ಬಿಡಿಸುವ ಅದರ ಕಿಣ್ವ ಕಾವಿಗೆ ಸಾಯುತ್ತದೆ. ಅರಿಶಿನದ ನೀರಲ್ಲಿ ಅದ್ದಿದ ಒದ್ದೆ ಕಾಗದವನ್ನು ಎರಡರ ಬಾಯಿಗೂ, ನೀರಿಗೆ ತಾಗದಂತೆ, ಮುಚ್ಚಿ ಅರ್ಧ ತಾಸು ಬಿಡಿ. ಸೋಯಾ ಹಾಕಿದ್ದರ ಕಾಗದ ಮಾತ್ರ ಕೆಂಪಿಗೆ ತಿರುಗಿ, ಮೂಗಿಗೆ ಅಮೋನಿಯಾ ಘಾಟು ಬಡಿದರೆ ಯೂರಿಯಾ ಇದೆ ಎಂದೇ ಲೆಕ್ಕ. ಎಷ್ಟಿದೆ ಅನ್ನುವುದು ಪ್ರಯೋಗಾಲಯದ ಕೆಲಸ. ಹಾಲು ಇಳಿದದ್ದಕ್ಕೆ ಮೇವು, ಗಬ್ಬ, ಕೆಚ್ಚಲುಬಾವು ಹೀಗೆ ಬೇರೆ ಕಾರಣಗಳೂ ಇದ್ದಾವು; ಪಶುವೈದ್ಯರಿಗೂ ತೋರಿಸಿ.

ನಾಯಿಯ ವಿಷಯ. ನೀವು ಕೇಳಿದ ಹೆಸರಿಗೆ ಅಮೆರಿಕದ ಮೇವು ನಿಯಂತ್ರಣಾಧಿಕಾರಿಗಳ ಸಂಘ, ಆಫ್ಕೋ, ಕೊಡುವ ಅರ್ಥ: ಕೋಳಿಯ ಕತ್ತು, ಕಾಲು, ಕರುಳು, ಬೆಳೆಯದ ಮೊಟ್ಟೆಗಳನ್ನು ಬೇಯಿಸಿ ಕೊಬ್ಬು ಬಸಿದು ಮಾಡಿದ ಪುಡಿ, ತಪ್ಪಿಸಲಾಗದ ಅಲ್ಪಸ್ವಲ್ಪದ ಹೊರತು ಪುಕ್ಕ ಇರಕೂಡದು. ಕೇಳಲು ಹೇಸಿಗೆ ಅನಿಸೀತು, ನಾಯಿಗೆ ಅದು ಒಳ್ಳೆಯ ಆಹಾರವೇ. ಅದೇ ನಿಯಮದಲ್ಲಿ ‘ವಿತ್ ಚಿಕನ್’ ಎನ್ನಲು ಶೇ 3 ಕೋಳಿ ಸಾಕು. ‘ಚಿಕನ್ ಫ್ಲೇವರ್’ ಎನ್ನಲು ರುಚಿ ಹತ್ತಿದರಾಯಿತು. ಮಗಳು ತರುವ ಪೊಟ್ಟಣದಲ್ಲಿ ಮೊದಲು ಹುಡುಕಬೇಕಾದದ್ದು ಈ ಪದಗಳನ್ನು.